ಮುಹೂರ್ತ ಮೀರಿ ಹೊತ್ತಿದ ಬಾಯ್ಲರ್

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಹುಕ್ಕೇರಿ ತಾಲೂಕಿನ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ವ್ಯವಸ್ಥಾಪಕನಾಗಿದ್ದೆ. ನೇಮಕ, ಹಾಜರಿ, ರಜೆ, ಶಿಸ್ತು, ಇವುಗಳ ಜೊತೆಗೆ ಕಾರ್ಖಾನೆಯ ಪೂಜೆ ಸಮಾರಂಭಗಳ ಏರ್ಪಾಡೂ ನನ್ನದೇ. ಆ ವರ್ಷ ಕಬ್ಬು ನುರಿಸುವ ಹಂಗಾಮು ಆರಂಭವಾಗುವ ದಿನ, ನಾನು ಯೋಚಿಸದೆ ಕೊಟ್ಟ ಒಂದು ಒಪ್ಪಿಗೆಯಿಂದಾಗಿ ಮಾರುತಿ ಎಂಬ ಗಾರೆ ಕೆಲಸದ ಗೌಂಡಿ ಬಾಯ್ಲರಿನ ಹೊಗೆದಾರಿಯಲ್ಲಿ ಸಿಕ್ಕಿಬಿದ್ದ. ಬಾಯ್ಲರಿಗೆ ಬೆಂಕಿ ಇಡಲು ಆಗ ಅರ್ಧ ಗಂಟೆಯೂ ಇರಲಿಲ್ಲ. ನಡೆದದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಕೆಲವು ಕಡೆ ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ಬೇಗ ನೆನೆಯಲು ನನಗೆ ಈಗಲೂ ಆಗುವುದಿಲ್ಲ.

ಆಗ ನಮ್ಮ ಕಾರ್ಯನಿರ್ವಾಹಕ ನಿರ್ದೇಶಕಿ ಸುಜಾತಾ ಮೇಡಂ. ಈಗ ಅವರು ಗೋಕಾಕದ ಒಂದು ಮ್ಯಾನೇಜ್‌ಮೆಂಟ್ ಸಂಸ್ಥೆಯ ಮುಖ್ಯಸ್ಥರು. ಅಲ್ಲಿನ ವಿದ್ಯಾರ್ಥಿಗಳು ನನ್ನನ್ನು ಮಾತನಾಡಲು ಕರೆದಾಗಲೆಲ್ಲ, ಮೇಡಂ ಇಷ್ಟು ಮೇಲೆ ಹೇಗೆ ಬಂದರು ಎಂದು ಕೇಳುತ್ತಾರೆ. ನಾನು ಹುದ್ದೆಗಳ ಪಟ್ಟಿ ಹೇಳುತ್ತೇನೆ. ಹುಕ್ಕೇರಿ ಕಡೆಯ ಬೌದ್ಧ ಕುಟುಂಬ. ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದವರು. ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಪರೀಕ್ಷಿಸುವ ಕೆಮಿಸ್ಟ್ ಆಗಿ ಕಾರ್ಖಾನೆಗೆ ಸೇರಿದರು. ಪ್ರಯೋಗಾಲಯದಲ್ಲೇ ಇರಬಹುದಿತ್ತು, ಪಾಳಿ ಕೊಡಿ ಎಂದು ತಾವಾಗಿ ಕೇಳಿ ಯಂತ್ರಗಳ ನಡುವೆ ಬಂದರು. ಪಾಳಿ ಮುಖ್ಯಸ್ಥೆ, ಉತ್ಪಾದನಾ ವ್ಯವಸ್ಥಾಪಕಿ, ಜನರಲ್ ಮ್ಯಾನೇಜರ್, ನಡುವೆ ವಾರದ ಕೊನೆಗೆ ಬೆಳಗಾವಿಗೆ ಹೋಗಿ ಮಾಡಿದ ಎಂಬಿಎ, ಕೊನೆಗೆ ಕಾರ್ಯನಿರ್ವಾಹಕ ನಿರ್ದೇಶಕಿ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳುತ್ತಾರೆ. ಆದರೆ ಪಟ್ಟಿಯಲ್ಲಿ ಆ ಒಂದು ಬೆಳಿಗ್ಗೆ ಇರುವುದಿಲ್ಲ.

ಬಾಯ್ಲರಿನ ವಿಷಯ ಸ್ವಲ್ಪ ಹೇಳಬೇಕು. ಕಬ್ಬು ಹಿಂಡಿ ಉಳಿದ ಸಿಪ್ಪೆಯನ್ನು ಉರಿಸಿ ಉಗಿ ಮಾಡುವ ದೊಡ್ಡ ಒಲೆ ಅದು. ಅದರ ಬಿಸಿ ಹೊಗೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ, ಒಳಗೆ ಗಾರೆ ಮೆತ್ತಿದ ಕಬ್ಬಿಣದ ಕೊಳವೆಯ ಮೂಲಕ ಚಿಮಣಿಗೆ ಹೋಗುತ್ತದೆ. ಇದಕ್ಕೆ ಡಕ್ಟ್ ಎನ್ನುತ್ತೇವೆ. ಕಾರ್ಖಾನೆ ನಿಂತಿರುವ ತಿಂಗಳುಗಳಲ್ಲಿ ಗೌಂಡಿಗಳೂ ಫಿಟ್ಟರುಗಳೂ ಇದರೊಳಗೆ ಹೋಗಿ ದುರಸ್ತಿ ಮಾಡುತ್ತಾರೆ. ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಕಾಣುವುದಿಲ್ಲ. ಅದಕ್ಕಾಗಿ ಸುಜಾತಾ ಮೇಡಂ ಉತ್ಪಾದನಾ ವ್ಯವಸ್ಥಾಪಕಿಯಾಗಿದ್ದಾಗ ಒಂದು ಪದ್ಧತಿ ತಂದಿದ್ದರು. ಪ್ರತಿಯೊಬ್ಬನಿಗೂ ಅವನ ನಂಬರಿನ ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವಾಗ ಬಾಗಿಲ ಪಕ್ಕದ ಮೊಳೆಗೆ ಬಿಲ್ಲೆ ಹಾಕಬೇಕು, ಹೊರಬಂದಾಗ ತಾನೇ ತೆಗೆದುಕೊಳ್ಳಬೇಕು. ಮೊಳೆ ಖಾಲಿಯಿದ್ದರೆ ಮಾತ್ರ ಬಾಗಿಲು ಮುಚ್ಚಬಹುದು. ಮೊದಮೊದಲು ಕಾರ್ಮಿಕರು ನಕ್ಕಿದ್ದರು. “ಎಮ್ಮಿ ಕೊಳ್ಳಾಗ ಗಂಟಿ ಕಟ್ಟಿದಂಗ ನಮಗ ಬಿಲ್ಲಿ ಕಟ್ಯಾರ ನೋಡ್ರಿ ಮೇಡಮ್ಮಾರು” ಎನ್ನುತ್ತಿದ್ದರು. ಆಮೇಲೆ ರೂಢಿಯಾಯಿತು.

ಹಂಗಾಮಿನ ಮೊದಲ ಬೆಂಕಿಗೆ ನಮ್ಮಲ್ಲಿ ಬಾಯ್ಲರ್ ಪೂಜೆ ಮಾಡುತ್ತಾರೆ. ಹಿಂದಿನ ದಿನ ಬಾಯ್ಲರ್ ವಿಭಾಗದ ಫೋರ್ಮನ್ ಬಸಪ್ಪ ನನ್ನ ಕಚೇರಿಗೆ ಬಂದ.

“ಸಾಹೇಬ್ರ, ಪಾನಾ, ಸುತ್ತಗಿ, ಸಲಿಕಿ ಎಲ್ಲಾ ತೊಳದು ಪೂಜಿಗೆ ಇಡಾಕತ್ತೀವ್ರಿ. ಬಿಲ್ಲಿ ಅಷ್ಟ ಯಾಕ ಬಿಡೂದು? ಅವೂ ನಮ್ಮ ಹತಾರನ ಅಲ್ಲೇನ್ರಿ?”

ಮಾತು ನನಗೆ ಹಿಡಿಸಿತು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದೂ ಅನಿಸಿತು. “ಇಡ್ರಿ ಬಸಪ್ಪ, ಚಂದ ಕಾಣ್ತಾವು” ಎಂದೆ. ಇಷ್ಟೇ ನಾನು ಆಡಿದ ಮಾತು. ಐವತ್ತೆಂಟು ಬಿಲ್ಲೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಪರಾತ ಎಂಬ ಅಗಲ ತಟ್ಟೆಯಲ್ಲಿ ಜೋಡಿಸಿ, ಕುಂಕುಮ ಹಚ್ಚಿ ಬಾಯ್ಲರಿನ ಮುಂದೆ ಇಟ್ಟರು.

ಮರುದಿನ ಹತ್ತೂವರೆಯೊಳಗೆ ಬೆಂಕಿ ಇಡಬೇಕೆಂದು ಮುಹೂರ್ತ ತೆಗೆದಿದ್ದರು. ಕಾರ್ಖಾನೆಯ ಅಧ್ಯಕ್ಷರು ಬಂದಿದ್ದರು. ಗೋಕಾಕದ ಆ ಸಂಸ್ಥೆಯ ಆಡಳಿತ ಮಂಡಳಿಯ ನಾಲ್ವರೂ ಬಂದಿದ್ದರು. ಅವರು ತಮ್ಮ ಸಂಸ್ಥೆಗೆ ಮುಖ್ಯಸ್ಥರನ್ನು ಹುಡುಕುತ್ತಿದ್ದರು. ಪೂಜೆ ನೋಡಿದಂತೆಯೂ ಆಯಿತು, ಮೇಡಂ ಜೊತೆ ಮಾತನಾಡಿದಂತೆಯೂ ಆಯಿತು ಎಂಬ ಲೆಕ್ಕ. ಹೊರಗೆ ಕರಡಿ ಮಜಲಿನ ವಾದ್ಯಮೇಳ. ಬಾಯ್ಲರಿನ ತಗಡಿನ ಶೆಡ್ಡಿನೊಳಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ.

ಸುಜಾತಾ ಮೇಡಂ ಅತಿಥಿಗಳ ಜೊತೆ ನಿಲ್ಲದೆ ಬಾಯ್ಲರನ್ನು ಒಂದು ಸುತ್ತು ಹಾಕಿಬಂದರು. ಪಾಳಿಯಲ್ಲಿದ್ದ ಕಾಲದಿಂದ ಅವರಿಗೆ ಆ ಅಭ್ಯಾಸ. ಎಲ್ಲ ಬಾಗಿಲೂ ಮುಚ್ಚಿದ್ದವು, ಎಲ್ಲ ಮೊಳೆಗಳೂ ಖಾಲಿ. ಹತ್ತೂ ಹತ್ತಕ್ಕೆ ಅವರು ಮುಂದೆ ಬಂದು ನಿಂತರು. ಅಧ್ಯಕ್ಷರ ಕೈಗೆ ದೀವಟಿಗೆ ಕೊಟ್ಟಾಗಿತ್ತು. ಆಗ ಮೇಡಂ ಪರಾತ ನೋಡಿದರು.

“ಬಸಪ್ಪ, ಇವು ಇಲ್ಲಿ ಯಾಕ ಅದಾವು?”

“ಪೂಜಿಗ್ರಿ, ಮೇಡಮ್ಮಾರ.”

“ಯಾವಾಗಿಂದ?”

“ನಿನ್ನಿ ಸಂಜಿಲಿಂದ್ರಿ.”

“ಹಂಗಾದ್ರ ಮೊಳಿ ಖಾಲಿ ಐತಿ ಅಂದ್ರ ಏನ್ ಅರ್ಥ ಆತು?”

ಬಸಪ್ಪ ತಿರುಗಿ ಪರಾತ ನೋಡಿದ. ಅವನ ಹಿಂದೆ ನಿಂತಿದ್ದ ನನಗೆ ಅರ್ಥ ತಿಳಿಯಿತು. ಬಿಲ್ಲೆಗಳೆಲ್ಲ ಇಲ್ಲಿದ್ದರೆ, ಯಾರಾದರೂ ಒಳಗಿದ್ದರೂ ಮೊಳೆ ಖಾಲಿಯೇ.

ಮೇಡಂ ಅಧ್ಯಕ್ಷರ ಕಡೆ ತಿರುಗಿ, ಸ್ವಲ್ಪ ತಡೆಯಿರಿ ಎಂದು ಕೈಮುಗಿದರು. ಆಮೇಲೆ, ಪ್ರತಿಯೊಬ್ಬರೂ ಬಂದು ತಮ್ಮ ಬಿಲ್ಲೆಯನ್ನು ತಾವೇ ಎತ್ತಿಕೊಳ್ಳಬೇಕು, ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದು ಎಂದರು. ಸಾಲು ನಿಂತಿತು. “ಸಾಲ್ಯಾಗ ಹಾಜರಿ ತಗೊಂಡಂಗ ಆತಲ್ಲೋ.” “ಹಾಜರಿ ಆದಮ್ಯಾಲೆ ಉಪ್ಪಿಟ್ಟು ಕೊಡ್ತಾರೇನ್ ಕೇಳು.” ಅಲ್ಲಲ್ಲಿ ನಗು. ಹೊರಗೆ ಕ್ರೇನಿನ ಹತ್ತಿರ, ಗೇಟಿನ ಹತ್ತಿರ ಇದ್ದವರನ್ನು ಕರೆಸಬೇಕಾಯಿತು. ಅಧ್ಯಕ್ಷರು ಗಡಿಯಾರ ನೋಡಿದರು.

“ಮೇಡಂ, ಮುಹೂರ್ತ ಹೊಂಟೈತ್ರಿ. ಮಂದಿ ನೋಡಾಕತ್ತಾರ.”

“ಹೋಗ್ಲಿ ಬಿಡ್ರಿ.”

ಅವರ ದನಿ ಏರಲಿಲ್ಲ. ಗೋಕಾಕದ ಹಿರಿಯರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ್ದನ್ನು ಅವರೂ ನೋಡಿದರು, ನಾನೂ ನೋಡಿದೆ. ಹತ್ತೂವರೆ ದಾಟಿತು. ಪರಾತದಲ್ಲಿ ಒಂದೇ ಬಿಲ್ಲೆ ಉಳಿಯಿತು. ನಲವತ್ತಮೂರು.

“ಗೌಂಡಿ ಮಾರುತಿದ್ರಿ” ಎಂದ ಬಸಪ್ಪ. “ಕ್ಯಾಂಟೀನಿಗೆ ಹೋಗಿರಬೇಕ್ರಿ. ಅಂವಗ ಚಹಾ ಅಂದ್ರ ಜೀವ.”

“ನೀವು ನೋಡೀರೇನು?”

“ಇಲ್ರಿ.”

“ಒಬ್ಬರು ಕ್ಯಾಂಟೀನಿಗೆ ಹೋಗ್ರಿ. ಬಾಜಾ ನಿಲ್ಲಸ್ರಿ.”

ಮೇಳ ಒಮ್ಮೆಗೇ ನಿಲ್ಲಲಿಲ್ಲ, ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಯ ತಾಳವೂ ನಿಂತ ಮೇಲೆ ಬಾಯ್ಲರಿನ ಹಿಂದಿನಿಂದ ಸದ್ದು ಬಂತು. ಕಬ್ಬಿಣದ ಮೇಲೆ ಕಬ್ಬಿಣ. ಮೂರು ಪೆಟ್ಟು, ಸ್ವಲ್ಪ ಬಿಡುವು, ಮತ್ತೆ ಎರಡು. ಮೊದಲು ಓಡಿದವರು ಮೇಡಂ, ಆಮೇಲೆ ಬಸಪ್ಪ.

ಡಕ್ಟಿನ ಬಾಗಿಲಿಗೆ ಎಂಟು ಬೋಲ್ಟು. ಬೋಲ್ಟು ಬಿಚ್ಚುವ ಪಾನಾ ಬಸಪ್ಪನ ಕೈಯಿಂದ ಎರಡು ಸಲ ಜಾರಿತು. ಮಾರುತಿ ಹೊರಬಂದಾಗ ಮುಖ, ಗಡ್ಡ, ಕಣ್ಣಿನ ರೆಪ್ಪೆಯವರೆಗೆ ಮಸಿ. ಬಡಿದು ಬಡಿದು ಅವನ ಗಾರೆ ಮೆತ್ತುವ ಕರಣೆ ಸೊಟ್ಟಗಾಗಿತ್ತು, ಬೆರಳ ಗಿಣ್ಣುಗಳು ಸುಲಿದಿದ್ದವು. ಹಿಂದೆಯೇ ಬಂದ ಅಧ್ಯಕ್ಷರ ಕೈಯಲ್ಲಿ ಇನ್ನೂ ಉರಿಯುತ್ತಿದ್ದ ದೀವಟಿಗೆಯನ್ನೇ ನೋಡುತ್ತ ಅವನು ಕೇಳಿದ:

“ಹಚ್ಚಿದ್ರೇನ್ರಿ?”

“ಇಲ್ಲ ಮಾರುತಣ್ಣ, ಹಚ್ಚಿಲ್ಲ. ಕೂಡ್ರಿ. ನೀರ ಕುಡೀರಿ” ಎಂದರು ಮೇಡಂ. ತಾವೂ ಅವನ ಪಕ್ಕ ನೆಲದ ಮೇಲೆ ಕೂತರು. ನಾನು ನೀರು ತಂದು ಕೊಟ್ಟೆ.

ಆಮೇಲೆ ತಿಳಿದದ್ದು ಇಷ್ಟು. ಬೆಳಿಗ್ಗೆ ಡಕ್ಟಿನ ಒಳಗೋಡೆಯಲ್ಲಿ ತಾನು ಮೆತ್ತಿದ ಜಾಗದಲ್ಲಿ ಬಿರುಕು ನೆನಪಾಗಿ ಮಾರುತಿ ಒಳಗೆ ಹೋಗಿದ್ದ. ಬಿಲ್ಲೆ ಪೂಜೆಯಲ್ಲಿತ್ತು, ಹತ್ತು ನಿಮಿಷದ ಕೆಲಸ, ದೇವರ ಮುಂದಿಟ್ಟದ್ದನ್ನು ಏಕೆ ಎತ್ತುವುದು ಎಂದುಕೊಂಡ. ಅತಿಥಿಗಳು ಬರುತ್ತಾರೆಂದು ಅಚ್ಚುಕಟ್ಟು ಮಾಡುತ್ತಿದ್ದ ಫಿಟ್ಟರ್ ಬಾಗಿಲು ತೆರೆದಿರುವುದನ್ನು ಕಂಡು ಮೊಳೆ ನೋಡಿದ. ಖಾಲಿಯಿತ್ತು. ಮುಚ್ಚಿದ. ಪದ್ಧತಿಯ ಪ್ರಕಾರ ಅವನು ಮಾಡಿದ್ದು ಸರಿ.

ಇನ್ನೊಮ್ಮೆ ಎಲ್ಲ ಬಾಗಿಲು ತೆರೆದು, ಟಾರ್ಚ್ ಹಾಕಿ ನೋಡಿ, ಹನ್ನೊಂದೂಕಾಲಕ್ಕೆ ಬೆಂಕಿ ಇಟ್ಟರು. ಪೂಜೆಗೆ ಬಂದ ಸ್ವಾಮಿಗಳು ಪಂಚಾಂಗ ತಿರುವಿ, ಹನ್ನೊಂದೂಕಾಲಕ್ಕೂ ಒಂದು ಒಳ್ಳೆಯ ಗಳಿಗೆ ಇದೆಯೆಂದರು.

ಊಟದ ನಂತರ ಅತಿಥಿಗೃಹದಲ್ಲಿ ಗೋಕಾಕದವರು ಮೇಡಂ ಜೊತೆ ಕೂತರು. ಕಾಗದಪತ್ರ ಹಿಡಿದು ನಾನು ಬಾಗಿಲ ಬಳಿ ನಿಂತಿದ್ದೆ. ಹಿರಿಯರು ಕೇಳಿದರು: “ಒಳಗ ಯಾರೂ ಇರದಿದ್ರ ಏನ್ ಮಾಡ್ತಿದ್ರಿ ಮೇಡಂ?”

“ಮುಹೂರ್ತ ತಪ್ಪಿಸಿದಾಕಿ ಅಂತ ನಾಕೂರಾಗ ಹೆಸರಾಗ್ತಿತ್ರಿ. ನಿಮ್ಮ ಕೆಲಸಾನೂ ಸಿಗ್ತಿರಲಿಲ್ಲ.”

ಹಿರಿಯರು ನಕ್ಕರು. “ಬಿಲ್ಲಿ ತಗಿಸಿದವ್ರು ಯಾರು?”

“ಅದನ್ನ ವಿಚಾರ ಮಾಡ್ತೀನ್ರಿ. ಆದ್ರ ಮೊಳಿಗೆ ಹಾಕೂದು ನಾನ ಕಲಿಸಿದ್ದೆ. ಯಾಕ ತಗೀಬಾರ್ದು ಅನ್ನೂದು ಕಲಿಸಿರಲಿಲ್ಲ. ಮೊದಲನೇ ತಪ್ಪು ನಂದು.”

ನಾನು ಸುಮ್ಮನಿರಬಹುದಿತ್ತು. ಬಸಪ್ಪ ನನ್ನ ಹೆಸರು ಹೇಳುವವನಲ್ಲ ಎಂಬುದೂ ಗೊತ್ತಿತ್ತು. “ಇಡ್ರಿ ಅಂತ ನಾನ ಹೇಳಿದ್ದು, ಮೇಡಂ” ಎಂದೆ. ಅವರು ನನ್ನನ್ನು ನೋಡಿದರು, ತಲೆಯಾಡಿಸಿದರು, ಅತಿಥಿಗಳ ಮುಂದಿನ ಪ್ರಶ್ನೆಗೆ ಉತ್ತರ ಕೊಟ್ಟರು. ಕಾರು ಹೋದ ಮೇಲೆ ನನ್ನನ್ನು ಕರೆದರು.

“ನನಗ ಹೇಳಿದ್ದು ಸಾಕಾಗಂಗಿಲ್ರಿ. ಮಾರುತಣ್ಣಗ ಹೇಳಿ ಬರ್ರಿ.”

ಮಾರುತಿಗೆ ಎಂಟು ದಿನ ರಜೆ ಕೊಟ್ಟಿದ್ದೆವು. ಮೂಡಲಗಿ ಕಡೆ ತುಕ್ಕಾನಟ್ಟಿ ಅವನ ಊರು. ಘಟಪ್ರಭಾಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅವನ ಹೆಂಡತಿ ಚಹಾ ಕೊಟ್ಟಳು. ನಾನು ನಡೆದದ್ದನ್ನು ಪೂರ್ತಿ ಹೇಳಿದೆ. ಮಾರುತಿ ಬಟ್ಟೆ ಸುತ್ತಿದ ಬೆರಳುಗಳನ್ನು ನೋಡಿಕೊಂಡ.

“ಸಾಹೇಬ್ರು ಅಂತ ಅಂಜಬ್ಯಾಡ. ಏನ್ ಹೇಳೂದೈತಿ ಹೇಳು” ಎಂದಳು ಅವಳು.

“ನೀವು ಇಡ್ರಿ ಅಂದ್ರಿ. ನಾನೂ ಬಿಲ್ಲಿ ಇಲ್ದ ಒಳಗ ಹ್ವಾದೆ. ತಪ್ಪು ಇಬ್ರದೂ ಐತ್ರಿ” ಎಂದ ಮಾರುತಿ. ಆಮೇಲೆ ಹೇಳಿದ: “ಆದ್ರ ಸುಡಾಂವ ನಾ ಒಬ್ಬನ ಇದ್ದೆ.”

ಕೋಪವಿರಲಿಲ್ಲ. ಗೋಡೆಯ ಅಳತೆ ಹೇಳುವಂತೆ ಹೇಳಿದ.

ಮುಂದಿನ ವರ್ಷ ಸುಜಾತಾ ಮೇಡಂ ಗೋಕಾಕಕ್ಕೆ ಹೋದರು. ಒಬ್ಬ ಮನುಷ್ಯ ಮೇಲಿನ ಹುದ್ದೆಗೆ ಹೋದಂತೆಲ್ಲ ಅವನ ಸಹಿಗೆ ಬಲ ಬರುತ್ತದೆ, ಅವನ ಮೈ ಬೆಂಕಿಯಿಂದ ದೂರ ಸರಿಯುತ್ತದೆ. ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ನಾನು ಇದನ್ನು ಗಮನಿಸಿರಲಿಲ್ಲ. ಮೇಡಂ ಐದು ಮೆಟ್ಟಿಲು ಹತ್ತಿದರೂ ಹಾಗೆ ಸರಿಯಲಿಲ್ಲ. ನಾನು ಅವರಲ್ಲಿ ಕಂಡ ದೊಡ್ಡತನ ಅದು. ನನ್ನ ಸೇವೆಯಲ್ಲಿ ಉಳಿದಿದ್ದ ಎರಡು ವರ್ಷ ಯಾರಾದರೂ ಒಪ್ಪಿಗೆ ಕೇಳಿ ನನ್ನ ಕಚೇರಿಗೆ ಬಂದರೆ, ಆಗಲಿ ಎನ್ನುವ ಮೊದಲು ನಾನು ಚಪ್ಪಲಿ ಮೆಟ್ಟಿ ಎದ್ದು ನಿಲ್ಲುತ್ತಿದ್ದೆ. ನಡೆಯಿರಿ, ಇದರಿಂದ ತೊಂದರೆಯಾದರೆ ಯಾರಿಗೆ ಆಗುತ್ತದೋ ಅವರನ್ನು ಮೊದಲು ತೋರಿಸಿರಿ ಎನ್ನುತ್ತಿದ್ದೆ. ಕೆಲಸ ನಿಧಾನವಾಗುತ್ತಿತ್ತು. ಆಗಲಿ ಎಂದು ಬಿಟ್ಟೆ.