ಗುರುತು ಸವೆದ ರಿವಾಲ್ವರು

ಬೆಳಿಗ್ಗೆ ಹಾಲು ಕಾಯಿಸಿದೆ. ನಲ್ಲಿ ನಿಲ್ಲುವ ಮೊದಲು ಡ್ರಮ್ಮು ತುಂಬಿಸಿಕೊಂಡೆ. ಇಸ್ತ್ರಿಯವನಿಗೆ ಬಟ್ಟೆ ಕೊಟ್ಟೆ. ಅವನು ಮೆಟ್ಟಿಲಿಳಿದ ಮೇಲೆ ಇವರ ಒಂದು ಷರಟು ಬಾಗಿಲ ಹಿಂದೆಯೇ ನೇತಾಡುತ್ತಿರುವುದು ಕಂಡಿತು. ಹುರುಳಿಕಾಯಿಯ ನಾರು ತೆಗೆದೆ. ಮಧ್ಯಾಹ್ನ ಊಟವಾದ ಮೇಲೆ, ನಾಳೆಯ ಆಯುಧಪೂಜೆಗೆಂದು ದೀಪದ ಕಂಬ, ಗಂಟೆ, ಈಳಿಗೆಮಣೆಗಳನ್ನು ಮೋರಿಯ ಹತ್ತಿರ ಹರವಿಕೊಂಡು ಹುಣಸೆಹಣ್ಣು ಹಾಕಿ ಉಜ್ಜಲು ಕೂತೆ. ಹುಣಸೆಯ ಹುಳಿಯೂ ಲೋಹದ ಕಮಟೂ ಸೇರಿದ ಆ ವಾಸನೆ ಬೆರಳಿಗೆ ಹತ್ತಿತೋ ಇಲ್ಲವೋ, ನನಗೆ ರಿವಾಲ್ವರು ನೆನಪಾಗುತ್ತದೆ. ನಗಬೇಡಿ. ಹುಣಸೆಹಣ್ಣಿಗೆ ಬೇರೆಯವರಿಗೆ ಸಾರು ನೆನಪಾಗಬಹುದು. ನಮ್ಮ ಮನೆಯ ಕಥೆಯೇ ಬೇರೆ.

ನಮ್ಮ ಮಾವನವರು ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಅಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ತನ್ನ ರಿವಾಲ್ವರನ್ನು ಮಾವನಿಗೆ ಕೊಟ್ಟು ಹೋದನಂತೆ. ಪರವಾನಗಿಯೂ ಅವರ ಹೆಸರಿಗಾಯಿತು. ಮಾವ ಅದರಿಂದ ಒಂದು ಕಾಗೆಯನ್ನೂ ಹೆದರಿಸಿದವರಲ್ಲ. ನಿವೃತ್ತರಾಗಿ ಮುಂಬಯಿಯ ವಡಾಲದ ನಮ್ಮ ಮನೆಗೆ ಬಂದಾಗ ಅದೂ ಜೊತೆಗೆ ಬಂತು. ವರ್ಷವೆಲ್ಲ ಬೀರುವಿನಲ್ಲಿ ಅತ್ತೆಯ ರೇಷ್ಮೆ ಸೀರೆಗಳ ಕೆಳಗೆ ಮಲಗಿರುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ಎದ್ದು ಬಂದು, ಸುತ್ತಿಗೆಯ ಪಕ್ಕ ಹೊಸ ಮದುಮಗನ ಹಾಗೆ ಕುಂಕುಮ ಇಡಿಸಿಕೊಂಡು ಕೂರುತ್ತಿತ್ತು. ಪ್ರಸಾದಕ್ಕೆ ಬಂದವರಿಗೆಲ್ಲ ಮಾವನ ಮಾತು ಒಂದೇ: “ದೊರೆ ತನ್ನ ಕೈಯಾರೆ ಕೊಟ್ಟಿದ್ದು ಕಣಯ್ಯ.”

ಒಳಗಿನಿಂದ ಅತ್ತೆ, “ಕೊಡೋದು ಕೊಟ್ಟ, ಎರಡು ಬೆಳ್ಳಿ ಲೋಟ ಕೊಟ್ಟಿದ್ರೆ ಪಾಯಸಾನಾದ್ರೂ ಕುಡೀಬಹುದಿತ್ತು” ಎನ್ನುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಾವ ತೀರಿಕೊಂಡರು. ಇನ್ನು ಆಯುಧವನ್ನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ, ಪರವಾನಗಿ ಇರುವ ಅಂಗಡಿಗೆ ಒಪ್ಪಿಸಿ ಎಂದು ಠಾಣೆಯವರು ಕಾಗದ ಕೊಟ್ಟರು. ಇವರು ರಜೆ ಹಾಕಿದರು. “ಅವರ ವಸ್ತು, ಕೊನೇವರೆಗೂ ನಾನೇ ಹೋಗಿ ಬಿಟ್ಟು ಬರ್ತೀನಿ” ಎಂದು ಅತ್ತೆ ಹೊರಟರು. ಅತ್ತೆಯ ಕೈ ಹಿಡಿಯಲು ನಾನು. ಲೋಕಲ್ ಹಿಡಿದು ಫೋರ್ಟ್ ಕಡೆಗಿದ್ದ ಹಳೆಯ ಬಂದೂಕಿನ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹುಬ್ಬೇರಿಸಿದ.

“ಮೌಸಿ, ನಂಬರ್ ಘಿಸಾ ಹುವಾ ಹೈ. ಕಂಪನಿ ಕಾ ನಾಮ್ ಭೀ ನಹೀ. ಚೋರಿ ಕಾ ಮಾಲ್ ಐಸಾ ಹೀ ಹೋತಾ ಹೈ.”

ನಂಬರನ್ನು ಉಜ್ಜಿ ಅಳಿಸಿದ್ದಾರೆ, ಕಂಪನಿಯ ಹೆಸರೂ ಇಲ್ಲ, ಕದ್ದ ಮಾಲು ಹೀಗೇ ಇರುವುದು ಎಂದು ಅವನ ಮಾತು. ಅತ್ತೆಗೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು ಹಿಂದಿ. ಆದರೆ ಚೋರಿ ಎನ್ನುವ ಮಾತು ಮುಂಬಯಿಯಲ್ಲಿ ಯಾರಿಗೆ ತಿಳಿಯುವುದಿಲ್ಲ? ಗುರುವಾರ ಹಳೆಯ ಆಯುಧ ಪರೀಕ್ಷಿಸುವ ಪೈಗಳು ಬರುತ್ತಾರೆ, ಅವರು ಸೈ ಎಂದರೆ ಸೈ, ಇಲ್ಲದಿದ್ದರೆ ಮತ್ತೆ ಠಾಣೆಗೆ ಎಂದು ಅವನು ರಿವಾಲ್ವರನ್ನು ಒಂದು ಡಬ್ಬಿಯಲ್ಲಿಟ್ಟು ಮುಚ್ಚಿದ.

ಗುರುವಾರದವರೆಗೆ ಅತ್ತೆ ರಾತ್ರಿಯ ಊಟ ಬಿಟ್ಟರು. ಹೊಟ್ಟೆಯುಬ್ಬರ ಎಂದರು. ಒಂದು ಸಂಜೆ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಕೇಳಿದರು:

“ಲೇ ಹುಡುಗಿ, ನಲವತ್ತು ವರ್ಷ ಅವರು ಎಲ್ಲರ ಮುಂದೆ ಸುಳ್ಳು ಹೇಳಿದ್ರಾ?”

“ಕಾಫಿ ಮಾಡ್ಲಾ ಅತ್ತೆ?” ಎಂದೆ. ಕಷ್ಟದ ಪ್ರಶ್ನೆಗಳಿಗೆಲ್ಲ ನನ್ನ ಉತ್ತರ ಇವತ್ತಿಗೂ ಅದೇ.

ಗುರುವಾರ ಮೂವರೂ ಮತ್ತೆ ಅಂಗಡಿಗೆ ಹೋದೆವು. ಪೈಗಳು ಉಡುಪಿ ಕಡೆಯವರು, ಎತ್ತರದ ಆಳು, ಮಾತಿನಲ್ಲಿ ಸ್ವಲ್ಪ ಜಂಬ. ಹಳೆಯ ಆಯುಧ ಯಾವುದು, ಎಷ್ಟರದು ಎಂದು ಹೇಳುವುದೇ ಅವರ ಕಸುಬು. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ, “ನಮ್ಮವರಾ? ಕೂತ್ಕೊಳ್ಳಿ ಮಾರಾಯ್ರೆ” ಎಂದರು. ಭೂತಗನ್ನಡಿ ಮೇಜಿನ ಮೇಲೆಯೇ ಇತ್ತು, ಮುಟ್ಟಲಿಲ್ಲ. ಕಣ್ಣು ಮುಚ್ಚಿ, ನಳಿಗೆಯಿಂದ ಹಿಡಿಯವರೆಗೆ ಹೆಬ್ಬೆರಳು ಓಡಿಸಿದರು, ಮಗುವಿನ ಬೆನ್ನು ನೇವರಿಸಿದ ಹಾಗೆ.

“ಹೆಸರಿಲ್ಲದಿದ್ರೆ ಎಂತ? ಮೂಗು ನೋಡಿದ್ರೆ ಯಾವ ಮನೆಯ ಮಗು ಅಂತ ಗೊತ್ತಾಗುವುದಿಲ್ವಾ? ನಳಿಗೆಯ ಬಾಗು, ಸ್ಕ್ರೂ ಕೂತ ಜಾಗ, ಎಲ್ಲ ಹೇಳ್ತದೆ. ಇದು ಒಳ್ಳೆಯ ಮನೆಯದ್ದೇ.” ಮತ್ತೆ ಬೆರಳಾಡಿಸಿದರು. “ಆದ್ರೆ ಇದು ಅರ ಹಾಕಿದ್ದಲ್ಲ. ಅರ ಹಾಕಿದ್ರೆ ಗೀರು ಉಳೀತದೆ, ಹಳ್ಳ ಬೀಳ್ತದೆ. ಕಳ್ಳ ನಂಬರು ಇದ್ದಲ್ಲಿ ಮಾತ್ರ ಉಜ್ಜುತ್ತಾನೆ, ಅವನಿಗೆ ಪುರುಸೊತ್ತೆಲ್ಲಿ? ಇಲ್ಲಿ ನೋಡಿ, ಮೂಲೆ ಮೂಲೆ ನುಣ್ಣಗಾಗಿದೆ. ಸ್ಕ್ರೂವಿನ ತಲೆಯನ್ನೂ ಬಿಟ್ಟಿಲ್ಲ.”

ಹಿಡಿಯ ಎರಡು ಮರದ ಹಲಗೆಗಳನ್ನು ಬಿಚ್ಚಿದರು. ಸಂದಿಯಲ್ಲಿ ಕೆಂಪಗೆ ಏನೋ ಹೆಪ್ಪುಗಟ್ಟಿತ್ತು. ಇವರು “ತುಕ್ಕು” ಎಂದು ನಿಟ್ಟುಸಿರಿಟ್ಟರು. ಪೈಗಳು ಚೂರು ಕೆರೆದು, ಬೆರಳಲ್ಲಿ ಹೊಸಕಿ, ಮೂಸಿ ನೋಡಿ, ಅತ್ತೆಯ ಮುಖ ನೋಡಿದರು.

“ತುಕ್ಕಲ್ಲ. ಕುಂಕುಮ. ಅಮ್ಮಾ, ಇದನ್ನು ತಿಕ್ಕಿದ್ದು ಯಾರು?”

“ನಾನೇ ಕಣಪ್ಪ. ಹುಣಸೆಹಣ್ಣು, ಇಟ್ಟಿಗೆ ಪುಡಿ. ವರ್ಷಾ ವರ್ಷಾ. ಪೂಜೆಗಿಡೋದನ್ನ ಕೊಳಕಾಗಿ ಇಡಕ್ಕಾಗತ್ಯೇ?”

ಪೈಗಳು ಒದ್ದೆ ಬಟ್ಟೆಯಿಂದ ಕುಂಕುಮವನ್ನು ಒರೆಸಿದರು. ಅದರ ಕೆಳಗೆ, ಯಾವ ಹುಣಸೆಹಣ್ಣೂ ಮುಟ್ಟದ ಉಕ್ಕಿನ ಮೇಲೆ, ಮೊನ್ನೆ ಮೊನ್ನೆ ಒತ್ತಿದಂತೆ ನಂಬರು ನಿಂತಿತ್ತು. ಇವರು ಪರವಾನಗಿ ತೆರೆದು ಹಿಡಿದರು. ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು. ಎಲ್ಲವೂ ಅದೇ. ಮುಂಬಯಿ ಹಿಂದಿಯಲ್ಲಿ ಉಜ್ಜಿದ್ದೆಲ್ಲ ಒಂದೇ, ಕಳ್ಳ ಅರ ಹಾಕಿದರೂ ‘ಘಿಸಾ’, ಮುತ್ತೈದೆ ಹುಣಸೆಹಣ್ಣು ಹಾಕಿದರೂ ‘ಘಿಸಾ’. ಆ ಎರಡರ ನಡುವಿನ ದೂರವನ್ನು ಈ ಮನುಷ್ಯ ಹೆಬ್ಬೆರಳಲ್ಲಿ ಅಳೆದಿದ್ದರು.

“ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ” ಎಂದರು ಪೈಗಳು. “ಇಂಥದ್ದನ್ನು ಕೂಡಿಡುವವರಿಗೆ ಹಳೆಯ ಬಣ್ಣ, ಕಂಪನಿಯ ಮುದ್ರೆ, ಆ ಕೊಳೆಯೇ ಬೇಕು. ನೀವು ಮುಟ್ಟದೆ ಬಿಟ್ಟಿದ್ರೆ ಇದಕ್ಕೆ ನಾಲ್ಕು ಪಟ್ಟು ಬೆಲೆ ಬರ್ತಿತ್ತು.”

“ಕೊಳೆಗೆ ಬೆಲೆ ಜಾಸ್ತಿಯಾ? ಚೆನ್ನಾಯ್ತು ನಿಮ್ಮ ವ್ಯಾಪಾರ!” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಬೆಲೆ ಹಾಳಾಗ್ಲಿ. ಕದ್ದಿದ್ದಲ್ಲ ಅಂತ ಬರೆದುಕೊಡ್ತೀರೇನಪ್ಪ?”

“ದೊಡ್ಡ ಅಕ್ಷರದಲ್ಲಿ ಬರೆದುಕೊಡ್ತೇನೆ.”

ವಾಪಸು ಬರುವ ಲೋಕಲ್‌ನಲ್ಲಿ ನಾನು ನೋಡಿದ್ದು ಅತ್ತೆಯ ಕೈಯನ್ನು. ಬಳೆ ತೆಗೆದ, ಸುಕ್ಕು ಬಿದ್ದ ಸಣ್ಣ ಕೈ. ಕಾರ್ಖಾನೆಯವರು ಉಕ್ಕಿನಲ್ಲಿ ಒತ್ತಿದ್ದನ್ನು ಅಳಿಸಿದ ಕೈ. ಅದರ ಶಕ್ತಿಯನ್ನು ನೆನೆದರೆ ಈಗಲೂ ಬೆರಗು. ಅದಕ್ಕೇ ಈ ಕಾಲದಲ್ಲೂ ನಾನು, ಯಾವುದೇ ಹಳೆಯ ವಸ್ತು ಗುರುತಿಲ್ಲದೆ ನುಣ್ಣಗೆ ಕಂಡರೆ, ಯಾರು ಕದ್ದರು ಎಂದು ಕೇಳುವ ಮೊದಲು ಯಾರು ತಿಕ್ಕಿದರು ಎಂದು ಕೇಳುತ್ತೇನೆ.

ಆ ದಿನದ ಊಟವನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನವಿಲ್ಲ. ಬೇಳೆಸಾರು, ಬದನೆಕಾಯಿ ಪಲ್ಯ, ಸುಟ್ಟ ಹಪ್ಪಳ. ಅತ್ತೆ ಎರಡನೆಯ ಸಲ ಅನ್ನ ಹಾಕಿಸಿಕೊಂಡು, ಮಜ್ಜಿಗೆಗೆ ಉಪ್ಪು ಸಾಲದು ಎಂದು ನನ್ನನ್ನು ಬೈದರು. ನಾನು ಅಡಿಗೆಮನೆ ತೊಳೆದು ಬರುವಷ್ಟರಲ್ಲಿ, ದೀಪ ಆರಿಸುವುದಕ್ಕೂ ಕಾಯದೆ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು.