ಹಾಡುವ ಹಗ್ಗ

ನನ್ನ ಸೋದರಮಾವ ಲಿಫ್ಟ್ ಮೆಕ್ಯಾನಿಕ್. ಅತ್ತೆ ಹನ್ನೊಂದು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ನೆಲ ಒರೆಸುತ್ತಾರೆ. ಆ ಕಟ್ಟಡದ ಲಿಫ್ಟ್ ನೋಡಿಕೊಳ್ಳುವವರೂ ಮಾವನೇ. ಬಕೆಟ್ಟು, ಕೋಲು, ಫಿನೈಲ್ ಡಬ್ಬ ಹಿಡಿದು ಅತ್ತೆ ದಿನವೆಲ್ಲ ಅದೇ ಲಿಫ್ಟಿನಲ್ಲಿ ಹತ್ತಿ ಇಳಿಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಇವರ ಮನೆಯಲ್ಲೇ ಇದ್ದೇನೆ. ಕಟ್ಟಡದೊಳಗೆ ನಡೆದದ್ದನ್ನು ನಾನು ಕಂಡಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದರಲ್ಲಿ ತಾಳೆಯಾದಷ್ಟನ್ನು ಮಾತ್ರ ಬರೆಯುತ್ತಿದ್ದೇನೆ.

ಮಾವನದು ಮಾತು ಕಡಿಮೆ. ಅವರ ಬಾಯಿ ಬಿಡಿಸಬೇಕಾದರೆ ಯಜಮಾನನ ಸುದ್ದಿ ಎತ್ತಬೇಕು. ಯಜಮಾನ ಎಂದರೆ ದೂರದೇಶದ ಒಬ್ಬ ಬ್ಲೂಸ್ ಗಿಟಾರ್ ವಾದಕ. ತೀರಿಕೊಂಡು ಬಹಳ ವರ್ಷವಾಯಿತು. ಬ್ಲೂಸ್ ಎಂದರೆ ಹೊಲದಲ್ಲೂ ಹಳಿಯ ಮೇಲೂ ಮೈ ಮುರಿದು ದುಡಿದ ಕಪ್ಪು ಜನ ತಮ್ಮ ಸಂಕಟಕ್ಕೆ ಕಟ್ಟಿಕೊಂಡ ಹಾಡು ಎಂದು ನನಗೆ ತಿಳಿಸಿದವರು ಮಾವನೇ. ಗುಜರಿಯಲ್ಲಿ ಸಿಕ್ಕಿದ ಒಂದು ಕ್ಯಾಸೆಟ್ಟಿನಿಂದ ಹತ್ತಿದ ಹುಚ್ಚು. ಹೆಸರು ಹಿಡಿದು ಕರೆದರೆ ಸಲಿಗೆಯಾದೀತೆಂದು ಅವನನ್ನು ಯಜಮಾನ ಎನ್ನುತ್ತಿದ್ದರು.

"ಈ ಮನೇಲಿ ಇಬ್ಬರು ಯಜಮಾನ್ರು," ಎಂದು ಅತ್ತೆ ರೇಗಿಸುತ್ತಿದ್ದರು. "ಒಬ್ರು ಸತ್ತೋಗಿದಾರೆ. ಇನ್ನೊಬ್ರಿಗೆ ಕರೆದ್ರೆ ಕೇಳ್ಸಲ್ಲ."

ಯಜಮಾನನ ಕೈಚಳಕಕ್ಕಿಂತ ಅದು ಅವನಿಗೆ ಎಲ್ಲಿಂದ ಬಂತು ಎಂಬುದೇ ಮಾವನನ್ನು ಹೆಚ್ಚು ಕಾಡುತ್ತಿತ್ತು. ಹೆಬ್ಬೆರಳಿನ ಹೊಡೆತ ರೈಲು ಹಳಿ ಕೂರಿಸುವ ಆಳುಗಳ ಸುತ್ತಿಗೆಯದು. ನಡುನಡುವೆ ಉಸಿರು ಹಿಡಿದಂತೆ ನಿಲ್ಲಿಸುವುದು ಮೌತ್ ಆರ್ಗನ್ ನುಡಿಸುತ್ತಿದ್ದ ಚಿಕ್ಕಪ್ಪನದು. ಎಲ್ಲಕ್ಕೂ ಹಿಂದೆ ಇದ್ದವಳು ಅವನ ಅಜ್ಜಿ. ಬಟ್ಟೆ ಒಗೆದು ಬದುಕುತ್ತಿದ್ದ ಆಕೆ ಮರದ ಮನೆಯ ಗೋಡೆಗೆ ಎರಡು ಮೊಳೆ ಹೊಡೆದು, ನಡುವೆ ಒಂದೇ ತಂತಿ ಕಟ್ಟಿ, ಅದರ ಮೇಲೆ ಸೀಸೆಯ ಕತ್ತು ಜಾರಿಸಿ ನುಡಿಸುತ್ತಿದ್ದಳಂತೆ. ಮನೆಗೆ ಮನೆಯೇ ಗುಂಯ್‌ಗುಡುತ್ತಿತ್ತಂತೆ.

"ಆ ದಪ್ಪ ತಂತಿ ಕೇಳು, ಬೇಕಂತಲೇ ಸಡಿಲ ಬಿಟ್ಟಿದಾನೆ," ಎಂದು ಮಾವ ಕ್ಯಾಸೆಟ್ ಹಾಕಿ ನನ್ನನ್ನು ಹತ್ತಿರ ಕೂರಿಸಿಕೊಳ್ಳುತ್ತಿದ್ದರು. "ಅದು ಅಜ್ಜಿ ಗೋಡೆ ದನಿ. ಎಷ್ಟು ದೊಡ್ಡವನಾದ್ರೂ ಅದನ್ನ ಬಿಡ್ಲಿಲ್ಲ ಅವ್ನು."

ನಾನು ಕೇಳುತ್ತಿದ್ದೆ. ಆ ತಂತಿ ನುಡಿದಾಗಲೆಲ್ಲ ಬಾಗಿಲಾಚೆ ಯಾರೋ ಬಂದು ನಿಂತು, ಕರೆಯದೆ, ಕೆಮ್ಮದೆ ಕಾಯುತ್ತಿರುವಂತೆ ಅನಿಸುತ್ತಿತ್ತು.

ಲಿಫ್ಟನ್ನು ಐದು ಉಕ್ಕಿನ ಹಗ್ಗಗಳು ಹಿಡಿದಿರುತ್ತವೆ. ಐದೂ ಸಮನಾಗಿ ಭಾರ ಹೊರಬೇಕು. ಅದನ್ನು ಪರೀಕ್ಷಿಸಲು ಲಿಫ್ಟನ್ನು ಕೆಳಗೆ ನಿಲ್ಲಿಸಿ, ಅದರ ನೆತ್ತಿಯ ಮೇಲೆ ನಿಂತು, ಒಂದೊಂದೇ ಹಗ್ಗವನ್ನು ಕೈಯಿಂದ ಮಿಡಿದು ನೋಡುತ್ತಾರೆ. ಒಂದು ಬೇರೆ ಥರ ನಡುಗಿದರೆ ಅದರ ಬುಡದ ನಟ್ಟು ತಿರುಗಿಸಿ ಸಮ ಮಾಡುತ್ತಾರೆ. ಒಂದು ಬೆಳಿಗ್ಗೆ ಮಾವ ಹೀಗೆ ಮಿಡಿದಾಗ ಮೂರನೆಯ ಹಗ್ಗ ತಗ್ಗಿದ ದನಿಯಲ್ಲಿ ಗುಂಯ್ ಎಂದಿತು. ಲಿಫ್ಟ್ ಓಡಾಡುವ ಆ ಕತ್ತಲ ಬಾವಿಯ ತುಂಬ ದನಿ ಏರಿ, ಇಡೀ ಕಟ್ಟಡ ಮೆಲ್ಲಗೆ ನರಳಿದಂತಾಯಿತು. ಸ್ಪ್ಯಾನರ್ ಕೈಯಲ್ಲೇ ಇತ್ತು. ತೀರಾ ಸಡಿಲೇನಲ್ಲ, ಮುಂದಿನ ಸಲ ಬಿಗಿದರಾಯಿತು ಎಂದುಕೊಂಡು ಮಾವ ಮತ್ತೊಮ್ಮೆ ಮಿಡಿದರು.

ಮನೆಗೆ ಬಂದವರೇ, "ಅಜ್ಜಿ ಗೋಡೆ ಸಿಕ್ತು ಕಣೇ ನಂಗೆ!" ಎಂದರು.

"ಗೋಡೆ ಸಿಕ್ಕಿದ್ರೆ ಒಂದು ಮೊಳೆ ಹೊಡೀರಿ. ಕ್ಯಾಲೆಂಡರ್ ನೆಲದ ಮೇಲೆ ಬಿದ್ದಿದೆ."

ಮುಂದಿನ ಸಲವೂ ಮಾವ ಬಿಗಿಯಲಿಲ್ಲ. ಅದರ ಮುಂದಿನ ಸಲ ಮನೆಯಲ್ಲಿದ್ದ ತಮ್ಮ ಗಿಟಾರನ್ನೇ ಹೊತ್ತುಕೊಂಡು ಹೋಗಿ, ದಪ್ಪ ತಂತಿಯನ್ನು ಆ ಹಗ್ಗದ ದನಿಗೆ ಕೂಡಿಸಿಕೊಂಡು ಬಂದರು.

"ಏನಕ್ಕಾ, ನಿಮ್ಮೆಜಮಾನ್ರು ಬರೋದು ರಿಪೇರಿಗೋ, ಕಚೇರಿ ಕೊಡೋಕೋ?" ಎಂದು ಕಟ್ಟಡದ ವಾಚ್‌ಮನ್ ಅತ್ತೆಯನ್ನು ಕೇಳಿದನಂತೆ.

ಅತ್ತೆ ನಕ್ಕರು. ಆದರೆ ಅಷ್ಟರಲ್ಲಿ ಅವರು ಬೇರೊಂದನ್ನು ಗಮನಿಸಿದ್ದರು.

"ರೀ, ಲಿಫ್ಟ್ ಹೊರಡುವಾಗ ಬಕೆಟ್ ನೀರು ತುಳುಕ್ತಿದೆ. ಮೊದ್ಲು ತುಳುಕ್ತಿರ್ಲಿಲ್ಲ."

"ಕಂಠಮಟ್ಟ ತುಂಬ್ಸಿರ್ತೀಯ."

"ಇಷ್ಟು ವರ್ಷ ನೀರು ಹೊತ್ತವಳು ನಾನು. ನಂಗೆ ಬಕೆಟ್ ತುಂಬ್ಸೋಕೆ ಬರಲ್ವಾ?"

ಅತ್ತೆ ಅಂದಿನಿಂದ ಅರ್ಧ ಬಕೆಟ್ ಮಾತ್ರ ಒಯ್ಯತೊಡಗಿದರು. ಅದೂ ತುಳುಕಿತು. ಲಿಫ್ಟಿನ ಹೊಸ್ತಿಲ ಸಂದಿನಲ್ಲಿ ಕುಂಕುಮಕ್ಕಿಂತ ಮಬ್ಬಾದ ಕೆಂಪು ಪುಡಿ ಕಾಣತೊಡಗಿತು. ಒರೆಸಿದರೆ ಮಾರನೆಯ ದಿನ ಮತ್ತೆ ಇರುತ್ತಿತ್ತು. ಎಲ್ಲಿಂದ ಬೀಳುತ್ತದೆಂದು ತಲೆಯೆತ್ತಿ ನೋಡಿದರೆ ದೀಪ, ಪಂಖ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನೂ ಹೇಳಿದರು. ನೋಡ್ತೀನಿ ಎಂದು ಮಾವ ಕ್ಯಾಸೆಟ್ ತಿರುಗಿಸಿ ಹಾಕಿದರು.

ಒಂದು ದಿನ ಅತ್ತೆ ಏಳನೆಯ ಮಹಡಿ ದಾಟುತ್ತಿದ್ದಾಗ ನೆತ್ತಿಯ ಮೇಲೆ ದಪ್ಪ ಬಟ್ಟೆ ಹರಿದಂಥ ಸದ್ದಾಯಿತು. ಲಿಫ್ಟ್ ಒಮ್ಮೆ ಕುಲುಕಿ ನಿಂತಿತು. ದೀಪ ಹೋಯಿತು. ಹರಿದದ್ದು ಮೂರನೆಯ ಹಗ್ಗವಲ್ಲ. ಅದು ಸಡಿಲಾಗಿ, ಹಾಡಿಕೊಂಡು ಹಾಯಾಗಿತ್ತು. ಅದರ ಪಾಲಿನ ಭಾರವನ್ನೂ ಹೊತ್ತ ಪಕ್ಕದ ಹಗ್ಗ ಸದ್ದಿಲ್ಲದೆ ಸವೆದು, ಕೆಂಪು ಪುಡಿಯಾಗಿ ಉದುರಿ, ಎಳೆ ಕಿತ್ತು ಯಂತ್ರಕ್ಕೆ ಸಿಕ್ಕಿಕೊಂಡಿತ್ತು. ಉಳಿದವು ಎಷ್ಟು ಸವೆದಿವೆಯೋ ಯಾರಿಗೂ ಗೊತ್ತಿರಲಿಲ್ಲ.

ವಾಚ್‌ಮನ್ ಫೋನ್ ಮಾಡಿದ್ದೇ ಮಾವ ಓಡಿ ಬಂದು ಎಂಟನೆಯ ಮಹಡಿಯ ಬಾಗಿಲು ಬಿಡಿಸಿದರು. ಲಿಫ್ಟಿನ ಮೇಲ್ಭಾಗ ಮಾತ್ರ ನೆಲಕ್ಕಿಂತ ಎತ್ತರದಲ್ಲಿತ್ತು. ಒಬ್ಬರು ನುಸುಳುವಷ್ಟು ಸಂದು. ನೆಲದ ಮೇಲೆ ಬೋರಲು ಮಲಗಿ ಎರಡೂ ಕೈ ಒಳಗೆ ಚಾಚಿದರು.

"ಅಲ್ಲಾಡ್ಬೇಡ ಕಣೇ. ಮೆಲ್ಲಗೆ ಕೈ ಕೊಡು."

"ಬಕೆಟ್ ಬೋರಲು ಹಾಕಿ ಹತ್ಲಾ?"

"ಹತ್ತು. ಕುಣೀಬೇಡ."

"ಕುಣಿಯೋ ವಯಸ್ಸಾ ನಂದು?" ಎಂದರು ಅತ್ತೆ. ಬಕೆಟ್ಟಿನ ಮೇಲೆ ನಿಂತವರು ತಕ್ಷಣ ಕೈ ಕೊಡಲಿಲ್ಲ. "ಇದೇನಾ ರೀ ನಿಮ್ಮ ಅಜ್ಜಿ ಗೋಡೆ?"

"ಮೊದ್ಲು ಕೈ ಕೊಡು."

"ಆ ತಾಯಿ ಕಟ್ಟಿದ ತಂತೀಲಿ ಯಾರೂ ನೇತಾಡ್ತಿರ್ಲಿಲ್ಲ," ಎಂದು ಅತ್ತೆ ಕೈ ಕೊಟ್ಟರು.

ಮಾವ ನಡೆದದ್ದನ್ನು ಮುಚ್ಚಿಡಲಿಲ್ಲ. ಐದೂ ಹಗ್ಗ ಬದಲಾದವು. ಅತ್ತೆ ಈಗ ಹನ್ನೊಂದು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತುತ್ತಾರೆ. ಧೈರ್ಯ ಮಾಡಿ ನಾನು ಮಾವನನ್ನು, ಯಜಮಾನ ಬೇಡವಾದನೇ ಎಂದು ಕೇಳಿದೆ.

"ಅವನ ತಪ್ಪೇನಿದೆ ಕಣಮ್ಮ? ಆ ಸಡಿಲ ದನಿ ಅವನ ಗಿಟಾರಲ್ಲಿ ಚೆಂದ. ನಂಗೆ ಎಲ್ಲಿ ಕೇಳಿದ್ರೂ ಚೆಂದ ಅನ್ಸಿಬಿಡ್ತು."

ಆ ಮಾತಿನಿಂದಲೇ ನಮ್ಮ ಮನೆಯಲ್ಲಿ ಹೊಸ ಭಯ ಶುರುವಾಯಿತು. ಮಾವ ನೋಡಿಕೊಳ್ಳುವ ಲಿಫ್ಟ್ ಅದೊಂದೇ ಅಲ್ಲ. ಇಷ್ಟು ವರ್ಷಗಳಲ್ಲಿ ಇನ್ನೆಲ್ಲೆಲ್ಲಿ ಕಿವಿಗೆ ಹಿತವಾಯಿತೆಂದು ಕೈಬಿಟ್ಟು ಬಂದಿದ್ದಾರೋ ಅವರಿಗೇ ನೆನಪಿಲ್ಲ. ಆಸ್ಪತ್ರೆಯಿಂದ ಶುರುಮಾಡಿ ಒಂದೊಂದೇ ಕಟ್ಟಡಕ್ಕೆ ಮತ್ತೆ ಹೋಗುತ್ತಿದ್ದಾರೆ. ಸಂಜೆ ಬಂದ ಕೂಡಲೇ ಅತ್ತೆ, "ಇವತ್ತಿಂದು?" ಎನ್ನುತ್ತಾರೆ.

ನಿನ್ನೆಯೂ ಕೇಳಿದರು.

"ಸರಿ ಇದೆ ಅನ್ಕೊಂಡೆ," ಎಂದರು ಮಾವ, ಬೂಟು ಬಿಚ್ಚುತ್ತ.

"ಅನ್ಕೊಂಡ್ರಾ, ನೋಡಿದ್ರಾ?"

ಮಾವ ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡು ಹೊರಟರು.