ಬೆಳ್ಳಿಯ ಮೇಲಿನ ಕಪ್ಪು ಗೆರೆ

ಆ ಭಾನುವಾರ ಚನ್ನಗಿರಿಯ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಅಪ್ಪ ಮಾರುವ ಬಟ್ಟೆಯ ಗಂಟು ಕಟ್ಟಿಕೊಂಡು ಹೊನ್ನಾಳಿಗೆ ಹೋಗಿದ್ದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಯೂನಿವರ್ಸಿಟಿಯಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಅಣ್ಣ ಶಿವರಾತ್ರಿಗೆಂದು ವಾರ ಮೊದಲೇ ಬಂದಿದ್ದ. ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಎಸ್ಸೆಸ್ಸೆಲ್ಸಿ ಮುಗಿದು, ಓದು ಅಲ್ಲಿಗೇ ನಿಂತಿತ್ತು.

ಅಣ್ಣ ನಡುಮನೆಯ ಕಿಟಕಿಗೆ ಕಂಬಳಿ ಕಟ್ಟಿದ್ದ. ಅದರ ಸಣ್ಣ ತೂತಿನಿಂದ ಬಂದ ಬಿಸಿಲನ್ನು ಕೆಂಪು ಗಾಜು ದಾಟಿಸಿ, ಮೂರು ಮೂಲೆಯ ಗಾಜಿನ ಪಟ್ಟಕದೊಳಗೆ ಹಾಯಿಸುತ್ತಿದ್ದ. ಪಟ್ಟಕದ ಒಂದು ಮುಖಕ್ಕೆ ಬೆಳ್ಳಿಯ ಪದರವಿತ್ತು. ಕೂದಲಿಗಿಂತ ಸಾವಿರ ಪಟ್ಟು ತೆಳು ಎಂದ. ಬೆಳ್ಳಿಗೆ ಬಡಿದ ಬೆಳಕು ಹೊರಳಿ ಗೋಡೆಯ ಮೇಲೆ ಬೀಳಬೇಕು. ಒಂದೇ ಒಂದು ಕೋನದಲ್ಲಿ ಮಾತ್ರ ಅದು ಹೊರಳಿ ಬರುವುದಿಲ್ಲ, ಅಲ್ಲೊಂದು ಕಪ್ಪು ಗೆರೆ ಕಾಣುತ್ತದೆ ಎಂದು ಹೇಳುತ್ತಾ ಆ ಕೋನವನ್ನು ಹುಡುಕುತ್ತಿದ್ದ.

"ಬೆಳಕು ಎಲ್ಲಿಗೆ ಹೋಗತೈತೆ?" ಎಂದೆ.

"ಸೂಳೆಕೆರೆ ಏರಿ ಮ್ಯಾಲೆ ನಿಂತು ನೋಡಿಲ್ಲೇನೇ? ಅಲೆ ನೀರಿನ ಮೈಮ್ಯಾಲಷ್ಟೇ ಓಡತೈತೆ, ತಳಕ್ಕೆ ಗೊತ್ತೇ ಆಗಲ್ಲ. ಹಂಗೇ ಇದೂ. ಬೆಳ್ಳಿಯ ಎಲೆಕ್ಟ್ರಾನುಗಳ ಜೊತೆ ಸೇರಿ ಅಲೆ ಆಗಿ ಮೈಮ್ಯಾಲೆ ಓಡತೈತೆ. ಒಂಚೂರು ದೂರ, ಅಷ್ಟೇ. ಆಮ್ಯಾಲೆ ಕಾವಾಗಿ ಆರಿಹೋಗತೈತೆ. ಸರ್ಫೇಸ್ ಪ್ಲಾಸ್ಮಾನ್ ಅಂತಾರೆ."

"ಅವ್ವಾ, ಬಾರೆ ಇಲ್ಲಿ!" ಎಂದು ಕೂಗಿದ.

"ಹಂಚಿನ ಮ್ಯಾಲೆ ರೊಟ್ಟಿ ಐತಪ್ಪಾ. ನಿನ್ನ ಕತ್ಲೆ ಎಲ್ಲಿಗೂ ಓಡಿಹೋಗಲ್ಲ, ನಾಳೆ ನೋಡ್ತೀನಿ."

ಗೆರೆ ಮೂಡುವ ಮೊದಲೇ ಮೋಡ ಬಂತು. ನಾಳೆ ಇಬ್ಬರಿಗೂ ತೋರಿಸುತ್ತೇನೆಂದು ಅವನು ಪಟ್ಟಕವನ್ನು ಗೂಡಿನಲ್ಲಿಟ್ಟ.

ಸೋಮವಾರ ಬೆಳಗ್ಗೆ ದೇವರ ಬೆಳ್ಳಿಗೆ ವಿಭೂತಿ ಹಚ್ಚಿ ಉಜ್ಜುವುದು ಅವ್ವನ ರೂಢಿ. ದೀಪ ಉಜ್ಜಿದಳು, ಬಟ್ಟಲು ಉಜ್ಜಿದಳು, ಅಣ್ಣನ ಕೊರಳಲ್ಲಿರುತ್ತಿದ್ದ ಲಿಂಗದ ಕರಡಿಗೆಯನ್ನೂ ಉಜ್ಜಿದಳು. ಗೂಡಿನಲ್ಲಿದ್ದ ಪಟ್ಟಕದ ಬೆಳ್ಳಿ ಅವಳ ಕಣ್ಣಿಗೆ ಮಂಕಾಗಿ ಕಂಡಿತು. ಅದಕ್ಕೂ ವಿಭೂತಿ ಹಚ್ಚಿದಳು. ಒಂದೇ ಸಲಕ್ಕೆ ಬೆಳ್ಳಿಯೆಲ್ಲ ಬಟ್ಟೆಗೆ ಬಂದು, ಬರಿಯ ಗಾಜು ಉಳಿಯಿತು.

ಅಣ್ಣ ಬೈಯಲಿಲ್ಲ. "ಗಾಜಿಗೂ ದೀಕ್ಷೆ ಕೊಟ್ಬಿಟ್ಟೆಯಲ್ಲವ್ವಾ!" ಎಂದು ನಕ್ಕ. ಹಬ್ಬದೊಳಗೆ ಹೊಸ ಪದರ ಕೂರಿಸಿಕೊಂಡು ಬರುತ್ತೇನೆಂದು ಮಧ್ಯಾಹ್ನದ ಬಸ್ಸು ಹತ್ತಿದ. ಹಾಸ್ಟೆಲಿನಲ್ಲಿ ಕಾಮಾಲೆ ಹರಡಿತ್ತು, ಅವನಿಗೂ ತಗುಲಿತು. ಅಪ್ಪ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ.

"ನಾನು ಒರೆಸದಿದ್ರೆ ಅವನು ಮನೇಲಿ ಇರ್ತಿದ್ದ." ಅವ್ವ ಇದೊಂದೇ ಮಾತು ಹೇಳುತ್ತಿದ್ದಳು. ಅಲ್ಲವೆಂದು ನಾವು ಯಾರು ಹೇಳಿದರೂ ಅವಳಿಗೆ ಕೇಳುತ್ತಿರಲಿಲ್ಲ. ಸೋಮವಾರಗಳಂದು ವಿಭೂತಿಯ ಬಟ್ಟೆ ಗೂಟದಲ್ಲೇ ನೇತಾಡುತ್ತಿತ್ತು. ಅಪ್ಪ ಆಸ್ಪತ್ರೆಯಿಂದ ತಂದ ಅವನ ಕರಡಿಗೆ ಪೆಟ್ಟಿಗೆಯಲ್ಲೇ ಕಪ್ಪಾಯಿತು.

ಮಳೆಗಾಲ ಕಳೆದ ಮೇಲೆ ಅಣ್ಣನ ಜೊತೆ ಓದುತ್ತಿದ್ದ ಜಗಳೂರಿನ ಗೆಳೆಯ, ಅವನ ಬಟ್ಟೆಬರೆಯೊಂದಿಗೆ ಆ ಪಟ್ಟಕವನ್ನೂ ತಂದುಕೊಟ್ಟ. ಜ್ವರ ಬರುವ ಮೊದಲೇ ಅಣ್ಣ ಅದಕ್ಕೆ ಹೊಸ ಬೆಳ್ಳಿ ಕೂರಿಸಿದ್ದನಂತೆ. ಗೆಳೆಯನೇ ಕಂಬಳಿ ಕಟ್ಟಿ, ಬಿಸಿಲು ಹಿಡಿದು, ಪಟ್ಟಕವನ್ನು ತಿರುಗಿಸಿ ತಿರುಗಿಸಿ ನೋಡಿದ. ಗೋಡೆಯ ಮೇಲೆ ಮಾಸಲು ಕೆಂಪು ಬೆಳಕಷ್ಟೇ. ಗೆರೆ ಮೂಡಲಿಲ್ಲ.

"ಬೆಳ್ಳಿ ಕೆಟ್ಟೈತೆ, ಅಮ್ಮಾ. ಇಷ್ಟು ತೆಳು ಪದರ ತಿಂಗಳುಗಟ್ಲೆ ತಡೆಯಲ್ಲ."

ಅವ್ವ ಮೊದಲ ಬಾರಿಗೆ ಎದ್ದು ಹತ್ತಿರ ಬಂದಳು. "ಇದನ್ನ ಯಾರೂ ಒರೆಸಿಲ್ಲೇನಪ್ಪಾ?"

"ಯಾರೂ ಮುಟ್ಟಿಲ್ರೀ. ಗಾಳಿಗೇ ಹೋಗತೈತೆ."

"ಒರೆಸದಿದ್ರೂ ಹೋಗತೈತಾ?"

"ಹೋಗತೈತೆ, ಅಮ್ಮಾ."

ಅವ್ವ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಅಂದಿನಿಂದ, ನಾನು ಒರೆಸದಿದ್ದರೆ ಎನ್ನುವುದನ್ನು ಬಿಟ್ಟಳು. ಆದರೆ ಬೆಳ್ಳಿಯನ್ನು ಮತ್ತೆ ಉಜ್ಜಲಿಲ್ಲ.

ಈಗ ಅವಳೂ ಇಲ್ಲ. ಕರಡಿಗೆಯೂ ಪಟ್ಟಕವೂ ನ್ಯಾಮತಿಯ ನನ್ನ ಮನೆಯಲ್ಲಿವೆ. ಅಣ್ಣ ತೋರಿಸುತ್ತೇನೆಂದಿದ್ದ ಆ ಕಪ್ಪು ಗೆರೆಯನ್ನು ಅವ್ವ ನೋಡಲಿಲ್ಲ. ನಾನೂ ನೋಡಿಲ್ಲ.